ನಮ್ಮೂರಿನವರೆಂದು ನಂಬಿ ಒಮ್ಮೆ ಕೆಟ್ಟೆ. ಈ ಸಲ ಮನೆಯನ್ನು ಯಾರಿಗೆ ಬಾಡಿಗೆಗೆ ಕೊಡಲಿ?

ಡೊಂಬಿವಲಿ ಪೂರ್ವ:
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವಳು, ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ನನ್ನ ಯಜಮಾನರು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಹಾಗೆ ದುಡಿದು ಉಳಿಸಿದ ಹಣದಲ್ಲಿ ಠಾಕುರ್ಲಿ ಸ್ಟೇಷನ್ ಹತ್ತಿರ ನನ್ನ ಹೆಸರಿನಲ್ಲಿ ಒಂದು ಒನ್ ಬಿಎಚ್‌ಕೆ ಮನೆ ತೆಗೆದಿದ್ದರು. ಅವರು ಹೋಗಿ ಆರು ವರ್ಷ. ಆ ಮನೆಯ ಬಾಡಿಗೆಯಲ್ಲಿಯೇ ನನ್ನ ಔಷಧಿ, ಹಾಲು, ದಿನಸಿ ನಡೆಯಬೇಕು.

ಮೂರು ವರ್ಷದ ಹಿಂದೆ ನಮ್ಮ ಊರಿನ ಪಕ್ಕದ ಊರಿನವರೊಬ್ಬರಿಗೆ ಮನೆ ಕೊಟ್ಟಿದ್ದೆ. ಪರಿಚಯದ ಹಿರಿಯರೊಬ್ಬರು ಕರೆದುಕೊಂಡು ಬಂದಿದ್ದರು, ಕುಲದೇವರೂ ಒಂದೇ. ‘ನಮ್ಮವರ ಹತ್ತಿರ ಕಾಗದ ಪತ್ರ ಯಾಕೆ’ ಎಂಬ ಮಾತು ಬಂತು. ನೂರು ರೂಪಾಯಿಯ ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿ ಸುಮ್ಮನಾದೆ. ಐದು ತಿಂಗಳು ಬಾಡಿಗೆ ಬಂತು. ಆಮೇಲೆ ಒಂಬತ್ತು ತಿಂಗಳು ಬರಲಿಲ್ಲ. ಕೇಳಲು ಹೋದರೆ ಆತನ ಹೆಂಡತಿ ಚಹಾ ಕೊಟ್ಟು ಅಳುತ್ತಿದ್ದಳು. ಅವಳ ಕಣ್ಣೀರು ನೋಡಿ ನಾನೂ ಎದ್ದು ಬರುತ್ತಿದ್ದೆ. ಕೊನೆಗೆ ಒಂದು ರಾತ್ರಿ ಹೇಳದೆ ಹೋದರು. ಹನ್ನೊಂದು ಸಾವಿರ ರೂಪಾಯಿ ಕರೆಂಟ್ ಬಿಲ್, ಕಟ್ಟಡದ ಸೊಸೈಟಿಯ ಬಾಕಿ ನೋಟಿಸು ನನ್ನ ಪಾಲಿಗೆ ಬಂದವು. ಕರೆದುಕೊಂಡು ಬಂದಿದ್ದ ಹಿರಿಯರು ಈಗ ಮದುವೆ ಮನೆಯಲ್ಲಿ ಎದುರಾದರೆ ಬೇರೆ ಕಡೆ ನೋಡುತ್ತಾರೆ.

ಈಗ ಮನೆಗೆ ಬಣ್ಣ ಹೊಡೆಸಿ ಮತ್ತೆ ಬಾಡಿಗೆಗೆ ಕೊಡಬೇಕಾಗಿದೆ. ಬಾಡಿಗೆ 16,000, ಡಿಪಾಸಿಟ್ 60,000 ಎಂದು ಹೇಳಿದ್ದೇನೆ. ಮೂರು ಕಡೆಯವರು ಬಂದಿದ್ದಾರೆ. ಒಂದು, ನಮ್ಮ ಸಮಾಜದ ಹೊಸ ದಂಪತಿ. ಹುಡುಗಿಯ ತಂದೆ ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ಎರಡು, ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಇಬ್ಬರು ನರ್ಸ್‌ಗಳು; ಒಬ್ಬಳು ಬೀದರ್ ಕಡೆಯವಳು, ಇನ್ನೊಬ್ಬಳು ಕೇರಳದವಳು, ಇಬ್ಬರಿಗೂ ಮದುವೆಯಾಗಿಲ್ಲ. ಮೂರು, ಒಬ್ಬರು ವ್ಯಾಪಾರಿ. ಹನ್ನೊಂದು ತಿಂಗಳ ಬಾಡಿಗೆಯನ್ನೂ ಡಿಪಾಸಿಟ್ಟನ್ನೂ ಒಟ್ಟಿಗೆ ನಗದಾಗಿ ಕೊಡುತ್ತೇನೆ, ನಾಳೆಯೇ ಬೀಗದ ಕೈ ಬೇಕು ಎನ್ನುತ್ತಾರೆ. ಸುಟ್ಟುಕೊಂಡ ಕೈ, ಹಾಗಾಗಿ ಆ ನಗದಿನ ಕಡೆಗೇ ಮನಸ್ಸು ಎಳೆಯುತ್ತಿದೆ. ತಿಳಿದವರು ದಯವಿಟ್ಟು ದಾರಿ ಹೇಳಿ.

ಠಾಣೆಯ ಏಜೆಂಟ್:
ಅಕ್ಕ, ಆ ಮೂರನೆಯವರಿಗೆ ಬೀಗದ ಕೈ ಕೊಡಬೇಡಿ. ಇದನ್ನು ಮೊದಲು ಹೇಳಿ ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಠಾಣೆಯ ಏಜೆಂಟ್:
ಊಟ ಮುಗಿಸಿ ಬಂದೆ. ಇಪ್ಪತ್ತೆರಡು ವರ್ಷಗಳಿಂದ ಠಾಣೆ, ಮುಲುಂಡ್ ಕಡೆ ಬಾಡಿಗೆ ಮನೆ ಕೊಡಿಸುವ ಕೆಲಸ ನನ್ನದು. ಮನೆ ನೋಡಲು ಬಂದವರು ಏನೇನು ನೋಡುತ್ತಾರೆ ಎಂಬುದರ ಮೇಲೆ ನನ್ನ ಕಣ್ಣಿರುತ್ತದೆ. ಸಂಸಾರ ಹೂಡಲು ಬಂದವರು ನಲ್ಲಿ ತಿರುಗಿಸುತ್ತಾರೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುತ್ತಾರೆ, ಮಳೆಗಾಲದಲ್ಲಿ ಗೋಡೆ ಒದ್ದೆಯಾಗುತ್ತದೆಯೇ ಎಂದು ಮೂಲೆ ಮುಟ್ಟಿ ನೋಡುತ್ತಾರೆ, ಐನೂರು ರೂಪಾಯಿಗಾದರೂ ಚೌಕಾಸಿ ಮಾಡುತ್ತಾರೆ. ಬಾಗಿಲಲ್ಲೇ ನಿಂತು ‘ಆಯಿತು, ನಾಳೆ ಬರುತ್ತೇನೆ’ ಎನ್ನುವವರಿಗೆ ಬಹಳ ಸಲ ಬರೀ ಒಂದು ವಿಳಾಸ ಬೇಕಾಗಿರುತ್ತದೆ. ಆ ವಿಳಾಸದ ಮೇಲೆ ಸಿಮ್ ಕಾರ್ಡ್, ಬ್ಯಾಂಕ್ ಖಾತೆ, ಸಾಲ ಎಲ್ಲವೂ ಹುಟ್ಟುತ್ತವೆ. ಕೊನೆಗೆ ವಿಚಾರಿಸುವವರು ಬರುವುದು ನಿಮ್ಮ ಬಾಗಿಲಿಗೆ.

ಇನ್ನೊಂದು ಲೆಕ್ಕ ನೋಡಿ. ಹನ್ನೊಂದು ತಿಂಗಳಿಗೆ 1,76,000, ಡಿಪಾಸಿಟ್ 60,000, ಒಟ್ಟು 2,36,000 ರೂಪಾಯಿ. ಒಬ್ಬರಿಂದ ಒಂದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ತೆಗೆದುಕೊಳ್ಳುವವರು ನೀವು.

ಉಳಿದ ಇಬ್ಬರ ವಿಷಯ. ಜಾತಕ ಕೇಳಬೇಡಿ, ಮೂರು ತಿಂಗಳ ಸಂಬಳದ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೇಳಿ. ಬಾಡಿಗೆಯು ಅವರ ಮನೆಗೆ ಬರುವ ಆದಾಯದ ಮೂರರಲ್ಲಿ ಒಂದು ಪಾಲನ್ನು ದಾಟಿದರೆ ಆರನೆಯ ತಿಂಗಳಿಗೆ ಉಸಿರುಗಟ್ಟುತ್ತದೆ. ಒಳ್ಳೆಯವರಿಗೂ ಹಾಗೆಯೇ ಆಗುತ್ತದೆ. ಆಮೇಲೆ ಅವರ ಹಿಂದಿನ ಮಾಲೀಕರಿಗೆ ಫೋನು ಮಾಡಿ. ಈಗಿನ ಮಾಲೀಕರನ್ನಷ್ಟೇ ಕೇಳಿದರೆ ಸಾಲದು. ಕಾಟ ಕೊಡುವ ಬಾಡಿಗೆದಾರನನ್ನು ಸಾಗಹಾಕಲು ಕಾಯುತ್ತಿರುವವರು ಅವನನ್ನು ಹೊಗಳಿಯೇ ಕಳಿಸುತ್ತಾರೆ. ಅದಕ್ಕೂ ಹಿಂದಿನ ಮನೆಯ ಮಾಲೀಕರಿಗೆ ಸುಳ್ಳು ಹೇಳುವ ಅಗತ್ಯವಿರುವುದಿಲ್ಲ. ‘ಅವರಿಗೆ ಮತ್ತೆ ಮನೆ ಕೊಡುತ್ತೀರಾ’ ಎಂದು ಒಂದೇ ಮಾತು ಕೇಳಿ, ಉತ್ತರಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.

ಮಾಟುಂಗಾ 1974:
ಅಮ್ಮಾ, ನಿಮಗಾದ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು. 1974ರಲ್ಲಿ ನಾನು ಹದಿಮೂರು ವರ್ಷದ ಹುಡುಗನಾಗಿ ಈ ಊರಿಗೆ ಬಂದಾಗ ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದೆವು. ಮೊದಲ ಖೋಲಿ ಸಿಕ್ಕಿದ್ದು ‘ಇವನು ನಮ್ಮ ಹುಡುಗ’ ಎಂದು ನಮ್ಮ ಮಾಲೀಕರು ಹೇಳಿದ ಒಂದು ಮಾತಿನಿಂದ. ಸಂಬಳದ ಚೀಟಿ ಕೇಳಿದ್ದರೆ ನಮ್ಮಂತಹ ಸಾವಿರಾರು ಮಂದಿ ಮುಂಬಯಿಯ ಫುಟ್‌ಪಾತಿನಲ್ಲಿಯೇ ಇರುತ್ತಿದ್ದೆವು. ನಮ್ಮವರನ್ನು ನಂಬುವುದು ತಪ್ಪು ಎಂಬಂತೆ ಇಲ್ಲಿ ಯಾರೂ ಮಾತನಾಡಬಾರದು.

ಡೊಂಬಿವಲಿ ಪೂರ್ವ:
ಅಣ್ಣ, ನಿಮ್ಮ ಮಾತು ಓದಿ ನನ್ನ ಯಜಮಾನರ ನೆನಪಾಯಿತು, ಅವರೂ ಹಾಗೆಯೇ ಮೇಲೆ ಬಂದವರು. ಆದರೆ ನಿಮ್ಮ ಮಾಲೀಕರು ಕೊಟ್ಟ ಮಾತಿಗೆ ಅವರೇ ಹೊಣೆಯಾಗಿದ್ದರು. ನೀವು ತಪ್ಪಿದ್ದರೆ ಅವರು ನಿಮ್ಮ ಸಂಬಳದಲ್ಲಿ ಹಿಡಿದು ಕೊಡುತ್ತಿದ್ದರು. ನನಗೆ ಮಾತು ಕೊಟ್ಟವರು ಒಂದು ಪೈಸೆಗೂ ಹೊಣೆಯಾಗಲಿಲ್ಲ.

ಮಾಟುಂಗಾ 1974:
ಅದು ನಿಜ, ಒಪ್ಪುತ್ತೇನೆ. ಆಗ ಶಿಫಾರಸು ಮಾಡಿದವನ ಮಾನ ಅಡವಾಗಿರುತ್ತಿತ್ತು. ಹಾಗಿದ್ದರೆ ಆ ಹುಡುಗಿಯ ತಂದೆಯನ್ನೇ ಅಗ್ರಿಮೆಂಟಿನಲ್ಲಿ ಸಾಕ್ಷಿಯಾಗಿ ಸಹಿ ಮಾಡಿಸಿ.

ವಾಶಿಯ ವಕೀಲ:
ಸಾಕ್ಷಿಯ ಸಹಿಯಿಂದ ಹಣದ ಹೊಣೆ ಬರುವುದಿಲ್ಲ. ‘ನನ್ನ ಮುಂದೆ ಸಹಿಯಾಯಿತು’ ಎಂಬುದಷ್ಟೇ ಅದರ ಅರ್ಥ. ಬಾಡಿಗೆ ತಪ್ಪಿದರೆ ನಾನು ಕೊಡುತ್ತೇನೆ ಎಂದು ಅವರು ಪ್ರತ್ಯೇಕವಾಗಿ ಬರೆದುಕೊಡಬೇಕು. 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಗ್ಯಾರಂಟಿ ಎಂದು ಕರೆಯುವುದು ಇದನ್ನೇ. ಬರೆದುಕೊಡಲು ಹಿಂಜರಿದರೆ ಅಳಿಯನ ಬಗ್ಗೆ ಅವರಿಗೇ ಎಷ್ಟು ಭರವಸೆ ಇದೆ ಎಂಬುದು ತಿಳಿದುಹೋಗುತ್ತದೆ.

ತಾಯಿ, ನಿಮ್ಮ ಹಳೆಯ ಪ್ರಕರಣದಲ್ಲಿ ದೊಡ್ಡ ತಪ್ಪು ಆ ನೋಟರಿ ಕಾಗದ. ಹನ್ನೊಂದು ತಿಂಗಳ ಕರಾರಾದರೆ ನೋಂದಣಿ ಬೇಡ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯೂ ಆಗಿರಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮೊದಲು ನಿಲ್ಲುತ್ತದೆ, ಅದು ಸುಳ್ಳೆಂದು ನೀವು ಸಾಧಿಸಬೇಕಾಗುತ್ತದೆ. ಮಾಲೀಕರಿಗೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ನೋಂದಾಯಿತ ಲೀವ್ ಅಂಡ್ ಲೈಸೆನ್ಸ್ ಕರಾರು (ಬಾಡಿಗೆದಾರನ ಹಕ್ಕು ಕೊಡದೆ, ಗೊತ್ತಾದ ಅವಧಿಗೆ ಇರಲು ಅನುಮತಿ ಮಾತ್ರ ಕೊಡುವ ಕರಾರು) ಇದ್ದಿದ್ದರೆ ಅದೇ ಕಾಯ್ದೆಯ 24ನೆಯ ಕಲಮು ನಿಮ್ಮ ಕೈಯಲ್ಲಿ ಇರುತ್ತಿತ್ತು. ಅವಧಿ ಮುಗಿದ ಮೇಲೂ ಮನೆ ಬಿಡದವರ ವಿರುದ್ಧ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಇಂತಹ ದೂರು ವಿಚಾರಿಸುವ ಸರ್ಕಾರಿ ಅಧಿಕಾರಿಗೆ, ಅರ್ಜಿ ಹಾಕಬಹುದು, ಬಿಡುವವರೆಗಿನ ದಿನಗಳಿಗೆ ಎರಡು ಪಟ್ಟು ಬಾಡಿಗೆ ಕೇಳಬಹುದು. ಮುಂಬಯಿಯ ಮಾಲೀಕರು ‘ಬಾಡಿಗೆ ಕರಾರು’ ಎನ್ನದೆ ಲೀವ್ ಅಂಡ್ ಲೈಸೆನ್ಸ್ ಎಂದೇ ಬರೆಸುವುದರ ಹಿಂದೆ ಹಳೆಯ ಭಯವಿದೆ. 1947ರ ಬಾಂಬೆ ಬಾಡಿಗೆ ಕಾಯ್ದೆಯ ಕಾಲದಲ್ಲಿ ಬಾಡಿಗೆ ಇದ್ದಲ್ಲಿಯೇ ನಿಂತುಹೋಯಿತು. ಆಮೇಲೆ, 1973ರ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರನ್ನೂ ಬಾಡಿಗೆದಾರರೆಂದೇ ಪರಿಗಣಿಸುವ ತಿದ್ದುಪಡಿ ಬಂತು. ಕೊಟ್ಟ ಮನೆ ಮರಳಿ ಬಾರದ ಕುಟುಂಬಗಳನ್ನು ನಾನೇ ಕಂಡಿದ್ದೇನೆ. ಈಗಿನ ಕಾಯ್ದೆ ಹಾಗಿಲ್ಲ, ಆದರೆ ಅದರ ರಕ್ಷಣೆ ಕಾಗದ ಸರಿಯಾಗಿರುವವರಿಗೆ.

ಖರ್ಚಿಗೆ ಹೆದರಬೇಡಿ. ಒಟ್ಟು ಬಾಡಿಗೆಗೆ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇಕಡಾ 10ರ ಬಡ್ಡಿ ಸೇರಿಸಿ, ಬಂದ ಮೊತ್ತದ ಶೇಕಡಾ 0.25 ಮುದ್ರಾಂಕ ಶುಲ್ಕ. ನಿಮ್ಮ ಲೆಕ್ಕದಲ್ಲಿ ಅದು 450ರಿಂದ 500 ರೂಪಾಯಿ. ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಮನೆಗೇ ಬಂದು ಹೆಬ್ಬೆಟ್ಟು ತೆಗೆದುಕೊಂಡು ಹೋಗುವವರಿದ್ದಾರೆ, ಅವರ ಕೂಲಿ ಬೇರೆ.

ಮೀರಾರೋಡ್ ಕಾರ್ಯದರ್ಶಿ:
ನಮ್ಮ ಸೊಸೈಟಿಯಲ್ಲಿ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೇನೆ. ಬಾಡಿಗೆಗೆ ಕೊಟ್ಟ ಮನೆಗಳಿಂದ ಸೊಸೈಟಿ ವಸೂಲು ಮಾಡುವ ನಾನ್ ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇಕಡಾ 10ನ್ನು ಮೀರಬಾರದು, 2001ರಿಂದ ಸರ್ಕಾರದ ಆದೇಶವಿದೆ. ಹೆಚ್ಚು ಕೇಳಿದರೆ ಕೊಡಬೇಡಿ.

ಪುಣೆಯಲ್ಲಿ ಧಾರವಾಡದವಳು:
ನಾನು ಇನ್ನೊಂದು ದಡದಲ್ಲಿ ನಿಂತು ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಕೊಥ್ರೂಡ್, ಕರ್ವೆನಗರ, ವಾರ್ಜೆ ಸುತ್ತಿ ಹನ್ನೊಂದು ಮನೆ ನೋಡಿದೆ. ಕೈಯಲ್ಲಿ ಒಳ್ಳೆಯ ಕೆಲಸ, ಸಂಬಳ, ಹಿಂದಿನ ಮಾಲೀಕರ ಪತ್ರ ಎಲ್ಲವೂ ಇದ್ದವು. ಒಬ್ಬರೂ ಆ ಕಾಗದಗಳನ್ನು ಬಿಡಿಸಿ ನೋಡಲಿಲ್ಲ. ಮದುವೆ ಯಾವಾಗ, ಮೊಟ್ಟೆ ತಿನ್ನುತ್ತೀಯಾ, ಅಪ್ಪ ಅಮ್ಮ ಜೊತೆಗೆ ಬಂದು ಇರುತ್ತಾರಾ, ನಿಮ್ಮ ಜಾತಿ ಯಾವುದು ಎಂದು ಕೇಳಿದರು. ನಾಲ್ಕನೆಯ ಪ್ರಶ್ನೆಯನ್ನು ಕೆಲವರು ಅಡ್ಡಹೆಸರು ಕೇಳುವ ನೆಪದಲ್ಲಿ ಕೇಳಿದರು. ಏಳನೆಯ ಮನೆಯ ಮೆಟ್ಟಿಲಿಳಿದು ಬಂದು ರಿಕ್ಷಾದಲ್ಲಿ ಕುಳಿತು ಅತ್ತಿದ್ದೇನೆ.

ಹನ್ನೆರಡನೆಯ ಮನೆಯ ಅಜ್ಜಿ ಮರಾಠಿಯವರು. ಕೇಳಿದ್ದು ನಾಲ್ಕೇ: ಸಂಬಳ ಯಾವ ತಾರೀಖಿಗೆ ಆಗುತ್ತದೆ, ಹಿಂದಿನ ಮನೆ ಏಕೆ ಬಿಟ್ಟೆ, ನಿನ್ನ ಜೊತೆ ಯಾರು ಯಾರು ಇರುತ್ತಾರೆ, ಎಷ್ಟು ದಿನ ಇರುವ ಯೋಚನೆ. ಹಿಂದಿನ ಮಾಲೀಕರಿಗೆ ನನ್ನೆದುರೇ ಫೋನು ಮಾಡಿದರು. ಈವರೆಗೆ ಒಂದು ತಿಂಗಳೂ ಬಾಡಿಗೆ ತಡವಾಗಿಲ್ಲ. ಅಮ್ಮಾ, ಆ ಇಬ್ಬರು ನರ್ಸ್‌ಗಳನ್ನು ಮದುವೆಯಾಗಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಬೇಡಿ. ನಿಮಗೆ ಕೈಕೊಟ್ಟವನು ಹೆಂಡತಿ ಇದ್ದವನೇ ಅಲ್ಲವೇ?

ಒಂದು ವಿನಂತಿ ಕೂಡ. ಅಸಲು ಆಧಾರ್ ಕಾರ್ಡನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ನಿಮಗೆ ಸಾಕು. ಕಾರ್ಡು ಅಸಲಿಯೇ ಎಂದು ತಿಳಿಯಲು ಅದರ ಮೇಲಿನ ಕ್ಯೂಆರ್ ಸಂಕೇತವನ್ನು ಆಧಾರ್‌ನ ಅಧಿಕೃತ ಆ್ಯಪ್‌ನಿಂದ ಅವರ ಎದುರೇ ಸ್ಕ್ಯಾನ್ ಮಾಡಿ. ಜೆರಾಕ್ಸ್ ಪ್ರತಿಯಲ್ಲಿ ಫೋಟೊ, ಹೆಸರು ಬದಲಾಯಿಸುವುದು ಕಷ್ಟವೇನಲ್ಲ.

ಡೊಂಬಿವಲಿ ಪೂರ್ವ:
ಮಗಳೇ, ಏಳನೆಯ ಮನೆಯ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಿಜ ಹೇಳಬೇಕು. ಆ ಹುಡುಗಿಯರು ಬಂದಾಗ ನಾನೂ ಮೊದಲು ಕೇಳಿದ್ದು ಮೀನು ಮಾಡುತ್ತೀರಾ ಎಂದೇ. ನಾನೇ ವಾರಕ್ಕೆ ಮೂರು ದಿನ ಬಂಗುಡೆ ತಿನ್ನುವವಳು. ಕೆಳಗಿನ ಮಹಡಿಯವರು ಏನೆನ್ನುತ್ತಾರೋ ಎಂಬ ಅಂಜಿಕೆಯಿಂದ ಕೇಳಿಬಿಟ್ಟೆ. ಸೊಸೈಟಿಯ ಕಾರ್ಯದರ್ಶಿಯೂ ‘ಬ್ಯಾಚುಲರ್‌ಗಳಿಗೆ ಕೊಡಬೇಡಿ’ ಎಂದು ಆಗಲೇ ಹೇಳಿದ್ದಾರೆ. ಇದಕ್ಕೇನು ಮಾಡಲಿ?

ಮೀರಾರೋಡ್ ಕಾರ್ಯದರ್ಶಿ:
ಅದನ್ನು ಲಿಖಿತವಾಗಿ ಕೊಡಲು ಹೇಳಿ. ಕೊಡುವುದಿಲ್ಲ. ನಿಮ್ಮ ಕಡೆಯಿಂದ ಸೊಸೈಟಿಗೆ ಒಂದು ಪತ್ರ, ನೋಂದಾಯಿತ ಕರಾರಿನ ಪ್ರತಿ, ಪೊಲೀಸರಿಗೆ ಮಾಹಿತಿ ಕೊಟ್ಟ ಪ್ರತಿ ಇವಿಷ್ಟನ್ನು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕಾರ್ಯದರ್ಶಿಗಳ ಚಿಂತೆಯೂ ಪೂರ್ತಿ ಸುಳ್ಳಲ್ಲ. ಇಬ್ಬರ ಹೆಸರಿನಲ್ಲಿ ಮನೆ ತೆಗೆದುಕೊಂಡು ಏಳು ಮಂದಿ ಇದ್ದದ್ದನ್ನು ನಮ್ಮ ಕಟ್ಟಡದಲ್ಲಿ ನೋಡಿದ್ದೇವೆ, ಟ್ಯಾಂಕಿನ ನೀರು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆದ್ದರಿಂದ ಇರುವವರೆಲ್ಲರ ಹೆಸರು ಕರಾರಿನಲ್ಲಿ ಬರಲಿ. ಒಬ್ಬಳು ಬಿಟ್ಟು ಇನ್ನೊಬ್ಬಳು ಬಂದರೆ ಕರಾರು ಹೊಸದಾಗಲಿ.

ವಾಸ್ಕೋ:
ಗೋವಾದಿಂದ ಒಂದು ಮಾತು ಸೇರಿಸುತ್ತೇನೆ. ನಾನು ಕಾರವಾರದವನು, ಇಲ್ಲಿ ನನ್ನದೊಂದು ಸಣ್ಣ ಫ್ಲ್ಯಾಟ್ ಇದೆ. ನಂಬಿಕಸ್ಥನಂತೆ ಕಂಡವನೊಬ್ಬ ವರ್ಷಕ್ಕೆಂದು ತೆಗೆದುಕೊಂಡು, ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಿಡುತ್ತಿದ್ದ. ನನಗೆ ತಿಳಿದದ್ದು ವಾಚ್‌ಮನ್ ಹೇಳಿದಾಗ. ಇಲ್ಲಿ ಪ್ರವಾಸಿಗಳಿಗೆ ಮನೆ ಬಿಡಬೇಕಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು. ಮಾಲೀಕ ನಾನಾದ್ದರಿಂದ ಉತ್ತರ ಕೊಡಬೇಕಾದವನೂ ನಾನೇ. ಒಳಬಾಡಿಗೆ ಕೊಡಕೂಡದು ಎಂಬ ಷರತ್ತನ್ನು ಮರೆಯಬೇಡಿ. ಕೊಟ್ಟ ಮೇಲೆ ಎರಡು ತಿಂಗಳಿಗೊಮ್ಮೆಯಾದರೂ ತಿಳಿಸಿ ಹೋಗಿ ಬನ್ನಿ.

ವಾಶಿಯ ವಕೀಲ:
‘ತಿಳಿಸಿ ಹೋಗಿ’ ಎಂಬುದು ಮುಖ್ಯ. ಬಾಡಿಗೆಗೆ ಕೊಟ್ಟ ಮೇಲೆ ಇನ್ನೊಂದು ಬೀಗದ ಕೈ ಇದೆಯೆಂದು ತೆರೆದು ಒಳಗೆ ಹೋಗಕೂಡದು. ಬಾಡಿಗೆ ಬರಲಿಲ್ಲವೆಂದು ನೀರು, ಕರೆಂಟು ಕಡಿಯುವುದೂ ಅದೇ ಬಾಡಿಗೆ ನಿಯಂತ್ರಣ ಕಾಯ್ದೆಯ 29ನೆಯ ಕಲಮಿನ ಪ್ರಕಾರ ಅಪರಾಧ. ಸಿಟ್ಟಿನಲ್ಲಿ ಹೀಗೆ ಮಾಡಿ, ನ್ಯಾಯ ತಮ್ಮ ಕಡೆಗಿದ್ದರೂ ಕೋರ್ಟಿನಲ್ಲಿ ತಲೆ ತಗ್ಗಿಸಿ ನಿಂತವರಿದ್ದಾರೆ.

ಪೊಲೀಸ್ ಮಾಹಿತಿಯನ್ನೂ ಉದಾಸೀನ ಮಾಡಬೇಡಿ. ಬಾಡಿಗೆದಾರರ ವಿವರ ಕೊಡಬೇಕೆಂದು ಆಯುಕ್ತರು ಹೊರಡಿಸಿದ ಆದೇಶ ಜಾರಿಯಲ್ಲಿದ್ದಾಗ ಕೊಡದಿದ್ದರೆ ಹಿಂದೆ ದಂಡ ಸಂಹಿತೆಯ 188, ಈಗ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮಿನಡಿ ಮೊಕದ್ದಮೆಯಾಗುತ್ತದೆ. ಡೊಂಬಿವಲಿ ಬರುವುದು ಠಾಣೆ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಗೆ.

ಮಾಟುಂಗಾ 1974:
ಏನಾಯಿತು ಅಮ್ಮಾ? ನಾಲ್ಕು ದಿನದಿಂದ ಸುದ್ದಿಯಿಲ್ಲ.

ಡೊಂಬಿವಲಿ ಪೂರ್ವ:
ತಡವಾಯಿತು, ಕ್ಷಮಿಸಿ. ಓಡಾಟದಲ್ಲಿದ್ದೆ.

ವ್ಯಾಪಾರಿಗೆ ಪ್ಯಾನ್ ಕಾರ್ಡಿನ ಪ್ರತಿ ಕಳಿಸಿ, ಹಣವನ್ನು ಬ್ಯಾಂಕಿಗೆ ಹಾಕಿ ಎಂದೆ. ‘ಸಂಜೆ ಕಳಿಸುತ್ತೇನೆ’ ಎಂದರು. ಆ ಸಂಜೆ ಇನ್ನೂ ಬಂದಿಲ್ಲ.

ದಂಪತಿಯನ್ನು ಮನೆಗೆ ಕರೆದು ಮಾತನಾಡಿದೆ. ಹುಡುಗ ಸಾಧು. ಕೈಗೆ ಬರುವ ಸಂಬಳ 22,000, ಅವಳಿಗಿನ್ನೂ ಕೆಲಸ ಸಿಕ್ಕಿಲ್ಲ. 16,000 ಬಾಡಿಗೆ ಕೊಟ್ಟ ಮೇಲೆ ರೈಲಿನ ಪಾಸಿಗೂ ಅಕ್ಕಿಗೂ ಏನು ಉಳಿಯುತ್ತದೆ ಎಂದು ಕೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅವಳ ತಂದೆಗೆ ಹೊಣೆಪತ್ರದ ವಿಷಯ ಹೇಳಿದೆ. ‘ನಮ್ಮ ಮೇಲೆ ಇಷ್ಟೂ ನಂಬಿಕೆಯಿಲ್ಲವೇ’ ಎಂದು ಫೋನು ಇಟ್ಟುಬಿಟ್ಟರು. ಬೇಸರವಾಯಿತು. ಆದರೆ ಆ ಮಕ್ಕಳನ್ನು ಹಾಗೆಯೇ ಬಿಡಲು ಮನಸ್ಸಾಗದೆ ಠಾಣೆಯ ಏಜೆಂಟ್ ಅವರಿಗೆ ನಂಬರು ಕೊಟ್ಟೆ. ಕಲ್ಯಾಣ್ ಪೂರ್ವದಲ್ಲಿ 7,500ಕ್ಕೆ ಒಂದು ರೂಮು ತೋರಿಸಿದ್ದಾರಂತೆ.

ಹುಡುಗಿಯರ ಹಿಂದಿನ ಮಾಲೀಕರು ವಿಕ್ರೋಲಿಯವರು. ‘ಮತ್ತೆ ಕೊಡುತ್ತೀರಾ’ ಎಂಬ ಮಾತು ಮುಗಿಯುವ ಮೊದಲೇ ‘ನಾಳೆಯೇ ವಾಪಸು ಕಳಿಸಿ’ ಎಂದರು. ಪ್ರತಿ ತಿಂಗಳು ಮೂರನೆಯ ತಾರೀಖಿನೊಳಗೆ ಬಾಡಿಗೆ ಹಾಕುತ್ತಿದ್ದರಂತೆ. ದೂರು ಒಂದೇ: ರಾತ್ರಿ ಪಾಳಿ ಮುಗಿಸಿ ಬಂದಾಗ ಗೇಟಿನ ಸದ್ದು. ಇಬ್ಬರ ಸಂಬಳ ಸೇರಿದರೆ 58,000. ಕಾರ್ಯದರ್ಶಿಯವರಿಗೆ ‘ಲಿಖಿತವಾಗಿ ಕೊಡಿ’ ಎಂದೆ, ಆಮೇಲೆ ಅವರು ಏನೂ ಹೇಳಲಿಲ್ಲ. ಪತ್ರದ ಮೇಲೆ ಮುದ್ರೆ ಬಿತ್ತು.

ನಿನ್ನೆ ನೋಂದಣಿಯಾಯಿತು. ಹೆಬ್ಬೆಟ್ಟಿನ ಯಂತ್ರ ತಂದ ಹುಡುಗ ನನ್ನ ಬೆರಳು ಒತ್ತಿ ಒತ್ತಿ ಸುಸ್ತಾದ. ಜೀವಮಾನವೆಲ್ಲ ಪಾತ್ರೆ ತಿಕ್ಕಿದ ಕೈ, ಗೆರೆಗಳೇ ಸವೆದುಹೋಗಿವೆ. ಬೀದರಿನ ಹುಡುಗಿ ಎದ್ದು ಹೋಗಿ ಬಿಸಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ ತಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿ ಒಣಗಿಸಿ ಕೊಟ್ಟಳು. ಎಡಗೈಯ ನಡುಬೆರಳು ಹಿಡಿಯಿತು.

ಮೀಟರಿನ ಅಂಕಿಯ ಫೋಟೊ ತೆಗೆದುಕೊಂಡು ಬೀಗದ ಕೈ ಕೊಡುವ ಮುಂಚೆ ಕೇರಳದ ಹುಡುಗಿ ಸ್ವಲ್ಪ ಅಳುಕಿನಿಂದಲೇ ಕೇಳಿದಳು, ‘ಆಂಟಿ, ಮನೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ನೋಂದಣಿ ದಾಖಲೆ, ಆ ಇಂಡೆಕ್ಸ್ ಟು, ಒಮ್ಮೆ ತೋರಿಸುತ್ತೀರಾ? ಹಿಂದೊಮ್ಮೆ ಮಾಲೀಕನೇ ಅಲ್ಲದವನಿಗೆ ಡಿಪಾಸಿಟ್ ಕೊಟ್ಟು ಕಳೆದುಕೊಂಡಿದ್ದೇನೆ.’ ಒಂದು ಕ್ಷಣ ಮನಸ್ಸಿಗೆ ಚುಚ್ಚಿತು. ಆಮೇಲೆ ಕಪಾಟು ತೆರೆದು ಯಜಮಾನರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದ ಫೈಲು ತೆಗೆದೆ. ಆರು ವರ್ಷದಲ್ಲಿ ಆ ಗಂಟನ್ನು ಬಿಚ್ಚಿದ್ದು ಇದೇ ಮೊದಲು. ಅವಳು ನನ್ನ ಹೆಸರನ್ನು ಓದಿ, ಆಧಾರ್ ಜೊತೆ ಹೋಲಿಸಿ ನೋಡಿ, ಫೈಲನ್ನು ಎರಡೂ ಕೈಯಿಂದ ಮರಳಿ ಕೊಟ್ಟಳು. ಭಾನುವಾರ ಹಾಲು ಉಕ್ಕಿಸುತ್ತಾರೆ, ನನ್ನನ್ನೂ ಕರೆದಿದ್ದಾರೆ.